ವಾಷಿಂಗ್ಟನ್ನಿನಿಂದ ಜಗಳೂರಿನ ಅಣ್ಣನಿಗೆ

ಪ್ರೀತಿಯ ಅಣ್ಣನಿಗೆ,

ಮಳೆ, ಈರುಳ್ಳಿ ರೇಟು, ಅತ್ತಿಗೆಯ ಮಂಡಿನೋವು, ಇವೆಲ್ಲ ಫೋನಿನಲ್ಲೇ ಮಾತಾಡಿ ಮುಗಿಯುತ್ತವೆ. ಫೋನಿನಲ್ಲಿ ಹೇಳಿ ಮುಗಿಯದ ಸಂಗತಿಯೊಂದು ಇದೆ, ಅದಕ್ಕೇ ಈ ಪತ್ರ.

ವಾಷಿಂಗ್ಟನ್ನಿನ ನಡುವೆ, ಸಂಸತ್ ಭವನದ ಮುಂದೆ, ಉದ್ದಕ್ಕೆ ಹರಡಿದ ಹುಲ್ಲಿನ ಬಯಲಿದೆ. ಅದರ ಎರಡೂ ಬದಿಗೆ ಸ್ಮಿತ್‌ಸೋನಿಯನ್ ಸಂಸ್ಥೆಯ ಮ್ಯೂಸಿಯಂಗಳು. ದಕ್ಷಿಣದ ಬದಿಯಲ್ಲಿರುವುದು ಏಷ್ಯಾ ಕಲೆಯ ರಾಷ್ಟ್ರೀಯ ಮ್ಯೂಸಿಯಂ. ಒಳಗೆ ಹೋಗಲು ಟಿಕೆಟ್ ಇಲ್ಲ. ಡೆಟ್ರಾಯಿಟ್‌ನಲ್ಲಿ ರೈಲು ಬೋಗಿ ಕಟ್ಟಿಸಿ ಹಣ ಮಾಡಿದ ಚಾರ್ಲ್ಸ್ ಲ್ಯಾಂಗ್ ಫ್ರೀಯರ್ ಎಂಬಾತ ತನ್ನ ಸಂಗ್ರಹವನ್ನೆಲ್ಲ ದೇಶಕ್ಕೆ ಬರೆದುಕೊಟ್ಟ. ಆತ ತೀರಿಕೊಂಡದ್ದು 1919ರಲ್ಲಿ. ಗ್ಯಾಲರಿಯ ಬಾಗಿಲು ತೆರೆದದ್ದು 1923ರಲ್ಲಿ. ಪಕ್ಕದಲ್ಲಿ ನೆಲದಡಿಗೆ ಕಟ್ಟಿದ ಸ್ಯಾಕ್ಲರ್ ಗ್ಯಾಲರಿ 1987ರಲ್ಲಿ ಬಂತು. ಇವೆರಡೂ ಸೇರಿದ್ದೇ ಈಗಿನ ಮ್ಯೂಸಿಯಂ. ಫ್ರೀಯರ್ ವಸ್ತುಗಳನ್ನು ಕೊಟ್ಟು ಸುಮ್ಮನಾಗಲಿಲ್ಲ. ಅವುಗಳ ಅಧ್ಯಯನ ನಡೆಯಬೇಕೆಂದು ಉಯಿಲಿನಲ್ಲಿ ಹಣವನ್ನೂ ತೆಗೆದಿಟ್ಟ. ಮ್ಯೂಸಿಯಂ ಎಂದರೆ ಗಾಜಿನ ಕಪಾಟು ಎಂದುಕೊಂಡವರಿಗೆ ಈ ಮಾತು ಹೊಸದಾಗಿ ಕಾಣಬಹುದು.

ನೋಡಲು ಬರುವವರಿಗೆ ಕಾಣಿಸದ ಒಂದು ವಿಭಾಗ ಅಲ್ಲಿದೆ. ವಿದ್ವತ್ ಕಾರ್ಯಕ್ರಮ ಮತ್ತು ಪ್ರಕಟಣೆಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಕೆಲವು ವರ್ಷ ಅದರ ಮುಖ್ಯಸ್ಥೆಯಾಗಿದ್ದ ನ್ಯಾನ್ಸಿ ಮಿಕಲ್‌ರೈಟ್ ಆಟೋಮನ್ ಕಾಲದ ಫೋಟೋಗಳ ಚರಿತ್ರೆ ಬಲ್ಲವರು. ಮ್ಯೂಸಿಯಂ ಹೊರತರುವ ‘ಆರ್ಸ್ ಓರಿಯೆಂಟಾಲಿಸ್’ ಪತ್ರಿಕೆಯ ಪ್ರಧಾನ ಸಂಪಾದಕಿಯೂ ಅವರೇ ಆಗಿದ್ದರು. ಹೊರಗಿನಿಂದ ಬರುವ ಸಂಶೋಧಕರಿಗೆ ಫೆಲೋಶಿಪ್ ಕೊಡುವುದು, ವಿಚಾರ ಸಂಕಿರಣ ನಡೆಸುವುದು, ಪುಸ್ತಕ ಮತ್ತು ಪತ್ರಿಕೆ ಹೊರತರುವುದು ಎಲ್ಲವೂ ಈ ವಿಭಾಗದ ಮೇಜಿನ ಮೇಲೆಯೇ ಹಾದುಹೋಗಬೇಕು.

ಆ ಪತ್ರಿಕೆಗೂ ಒಂದು ಚರಿತ್ರೆಯಿದೆ. ಮಿಷಿಗನ್‌ನಲ್ಲಿ 1934ರಲ್ಲಿ ‘ಆರ್ಸ್ ಇಸ್ಲಾಮಿಕಾ’ ಎಂಬ ಪತ್ರಿಕೆ ಶುರುವಾಗಿ 1951ರಲ್ಲಿ ನಿಂತಿತು. ಅದರ ಜಾಗದಲ್ಲಿ 1954ರಲ್ಲಿ ಫ್ರೀಯರ್ ಗ್ಯಾಲರಿ ಮತ್ತು ಮಿಷಿಗನ್ ವಿಶ್ವವಿದ್ಯಾಲಯ ಕೂಡಿ ಏಷ್ಯಾದ ಎಲ್ಲ ಕಲೆಗಳಿಗೂ ತೆರೆದ ‘ಆರ್ಸ್ ಓರಿಯೆಂಟಾಲಿಸ್’ ಆರಂಭಿಸಿದವು. ಒಬ್ಬ ಸಂಶೋಧಕ ಲೇಖನ ಕಳಿಸಿದ ಕೂಡಲೇ ಅದು ಅಚ್ಚಿಗೆ ಹೋಗುವುದಿಲ್ಲ. ಅದೇ ವಿಷಯ ಬಲ್ಲ ಹೊರಗಿನವರು, ಬರೆದವರ ಹೆಸರು ತಿಳಿಯದಂತೆ, ಓದಿ ಆಕ್ಷೇಪ ಹೇಳುತ್ತಾರೆ. ಬರೆದವರು ತಿದ್ದಬೇಕು, ಇಲ್ಲವೇ ಉತ್ತರ ಕೊಡಬೇಕು. ಆಮೇಲೆ ಪ್ರತಿ ಅಡಿಟಿಪ್ಪಣಿಯ ತಾಳೆ, ಪ್ರತಿ ಚಿತ್ರದ ಒಡೆಯರಿಂದ ಅನುಮತಿ, ಹೆಸರುಗಳ ಕಾಗುಣಿತ, ಮತ್ತೆ ಮತ್ತೆ ಪ್ರೂಫ್. ಹೀಗೆ ಜರಡಿ ಹಿಡಿದು ಬಂದ ಸಂಚಿಕೆಗಳಲ್ಲಿ ಇತ್ತೀಚಿನವನ್ನು ಈಗ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಓದಬಹುದು. ಜಗಳೂರಿನ ಕಾಲೇಜು ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲೇ ತೆರೆದು ಓದಬಹುದು. ಈ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ.

ನಮ್ಮ ಸೀಮೆಗೆ ನೇರವಾಗಿ ತಾಗುವ ಒಂದು ಉದಾಹರಣೆ ಹೇಳಬೇಕು. 2013ರ ಅಕ್ಟೋಬರ್‌ನಲ್ಲಿ ಸ್ಯಾಕ್ಲರ್ ಗ್ಯಾಲರಿಯಲ್ಲಿ ಯೋಗದ ಕಲೆಯ ಮೇಲೆ ಒಂದು ಪ್ರದರ್ಶನ ತೆರೆಯಿತು. ಕ್ಯುರೇಟರ್ ಡೆಬ್ರಾ ಡೈಮಂಡ್. ಕಲ್ಲಿನ ಮೂರ್ತಿ, ಮೊಗಲರ ಕಾಲದ ಚಿತ್ರ, ಹಸ್ತಪ್ರತಿ, ಹಳೆಯ ಫೋಟೋ ಎಲ್ಲ ಸೇರಿ 130ಕ್ಕೂ ಹೆಚ್ಚು ವಸ್ತುಗಳು. ಕಂಚಿ ಸೀಮೆಯ ಒಂದು ಗುಡಿಯಿಂದ ಬಂದ ಹತ್ತನೇ ಶತಮಾನದ ಯೋಗಿನಿಯರ ಮೂರ್ತಿಗಳು ಬೇರೆಬೇರೆ ಊರಿನ ಮ್ಯೂಸಿಯಂಗಳಿಗೆ ಚದುರಿಹೋಗಿದ್ದವು. ಅವುಗಳಲ್ಲಿ ಮೂರು ಅಲ್ಲಿ ಮತ್ತೆ ಒಂದೇ ಕೋಣೆಯಲ್ಲಿ ನಿಂತವು. ಸಾವಿರ ವರ್ಷ ಹಳೆಯ ಕಲ್ಲುಗಳಿದ್ದ ಅದೇ ಪ್ರದರ್ಶನದಲ್ಲಿ 1938ರ ಒಂದು ಮೂಕಿ ಚಿತ್ರವನ್ನೂ ತೋರಿಸಿದರು. ಕಪ್ಪುಬಿಳುಪಿನ ಆ ಚಿತ್ರದಲ್ಲಿ ಆಸನ ಹಾಕುವವರು ತಿರುಮಲೈ ಕೃಷ್ಣಮಾಚಾರ್ಯ ಮತ್ತು ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರ್.

ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರೂ ಅದೇ ಜಿಲ್ಲೆಯದಲ್ಲವೇ! ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಅವರ ‘ಯೋಗ ಮಕರಂದ’ ಅಚ್ಚಾಯಿತು, ಅದೂ ಕನ್ನಡದಲ್ಲಿ. ಇವತ್ತು ಅಮೆರಿಕದ ಊರೂರಲ್ಲಿ ಬಾಡಿಗೆ ಕೋಣೆ ಹಿಡಿದು ಕಲಿಸುವ ಯೋಗದ ಬಹುಪಾಲು ಆ ಮೈಸೂರಿನ ಶಾಲೆಯಿಂದ ಕವಲೊಡೆದದ್ದು. ನಮ್ಮ ಮಕ್ಕಳ ಪಾಠದಲ್ಲಿ ಈ ಮಾತು ಬರಲೇಬೇಕು.

ಪ್ರದರ್ಶನ 2014ರ ಜನವರಿಗೆ ಅಲ್ಲಿ ಮುಗಿದು, ಸ್ಯಾನ್‌ಫ್ರಾನ್ಸಿಸ್ಕೋದ ಏಷ್ಯನ್ ಆರ್ಟ್ ಮ್ಯೂಸಿಯಂಗೂ ಆಮೇಲೆ ಕ್ಲೀವ್‌ಲ್ಯಾಂಡಿಗೂ ಹೋಯಿತು. ಮೂರ್ತಿಗಳು ತಮ್ಮ ತಮ್ಮ ಮ್ಯೂಸಿಯಂಗೆ ಮರಳಿದವು. ಉಳಿದದ್ದು ಏನು? ಡೆಬ್ರಾ ಡೈಮಂಡ್ ಸಂಪಾದಿಸಿದ ದಪ್ಪನೆಯ ಕ್ಯಾಟಲಾಗ್. ಅದರಲ್ಲಿ ಜೇಮ್ಸ್ ಮಾಲಿನ್ಸನ್, ಕಾರ್ಲ್ ಅರ್ನ್ಸ್ಟ್, ಮಾರ್ಕ್ ಸಿಂಗಲ್ಟನ್ ಮೊದಲಾದವರ ಬರಹಗಳಿವೆ. ಹಠಯೋಗದ ಸಂಸ್ಕೃತ ಗ್ರಂಥ ಓದಿದವರು, ಪಾರಸಿಯಲ್ಲಿ ಬಂದ ಯೋಗಪಠ್ಯ ಬಲ್ಲವರು, ಇಪ್ಪತ್ತನೇ ಶತಮಾನದ ವ್ಯಾಯಾಮಶಾಲೆಗಳ ಚರಿತ್ರೆ ಹುಡುಕಿದವರು ಒಂದೇ ರಟ್ಟಿನೊಳಗೆ ಕೂತಿದ್ದಾರೆ. ಅವರನ್ನೆಲ್ಲ ಒಂದೇ ವೇದಿಕೆಗೂ ಕರೆದು 2013ರ ನವೆಂಬರ್‌ನಲ್ಲಿ ವಿಚಾರ ಸಂಕಿರಣ ನಡೆಸಿದರು. ಕ್ಯಾಟಲಾಗ್ ಪ್ರದರ್ಶನ ತೆರೆಯುವ ದಿನಕ್ಕೆ ಕೈಗೆ ಬರಬೇಕು. ಅಂದರೆ ಕಲ್ಲುಗಳು ಪ್ರಯಾಣ ಹೊರಡುವ ಮೊದಲೇ ಲೇಖನಗಳು ಮುಗಿದಿರಬೇಕು. ಪ್ರತಿ ವಸ್ತುವಿಗೂ ಎಲ್ಲಿಯದು, ಯಾವ ಕಾಲದ್ದು, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು, ಈಗ ಯಾರ ಬಳಿ ಇದೆ ಎಂದು ಬರೆಯಬೇಕು. ಒಂದು ಇಸವಿ ತಪ್ಪಿದರೆ ಅದನ್ನೇ ನಂಬಿ ಮುಂದಿನವರು ಐವತ್ತು ವರ್ಷ ಬರೆಯುತ್ತಾ ಹೋಗುತ್ತಾರೆ.

ಈ ಶಿಸ್ತಿಗೆ ಅಮೆರಿಕದಲ್ಲಿ ದಾರಿ ಹಾಕಿದವರಲ್ಲಿ ನಮ್ಮ ಕಡೆಯವರೊಬ್ಬರಿದ್ದಾರೆ. ಸಿಂಹಳದಲ್ಲಿ ಹುಟ್ಟಿದ ಆನಂದ ಕುಮಾರಸ್ವಾಮಿ 1917ರಲ್ಲಿ ಬಾಸ್ಟನ್ ಮ್ಯೂಸಿಯಂ ಸೇರಿ, ಅಲ್ಲಿನ ಭಾರತೀಯ ಸಂಗ್ರಹದ ಕ್ಯಾಟಲಾಗನ್ನು 1923ರಿಂದ ಭಾಗ ಭಾಗವಾಗಿ ಹೊರತಂದರು. ಇಂಥ ವಿದ್ವತ್ತಿಗೆಂದೇ ವಾಷಿಂಗ್ಟನ್ನಿನ ಮ್ಯೂಸಿಯಂ ಫ್ರೀಯರ್ ಹೆಸರಿನ ಪದಕವನ್ನು 1956ರಿಂದ ಕೊಡುತ್ತಿದೆ. ಹಿಂದೂ ದೇವಾಲಯಗಳ ಬಗ್ಗೆ ಜೀವಮಾನವೆಲ್ಲ ಬರೆದ ಸ್ಟೆಲ್ಲಾ ಕ್ರಾಮ್ರಿಶ್ ಅವರಿಗೂ, 2023ರಲ್ಲಿ ವಿದ್ಯಾ ದೆಹೇಜಿಯಾ ಅವರಿಗೂ ಅದು ಸಂದಿದೆ.

ಬರೆದಿಟ್ಟದ್ದು, ಫೋಟೋ ತೆಗೆದಿಟ್ಟದ್ದು ಎಷ್ಟು ಬಲವಾದ ಸಾಕ್ಷಿ ಎಂಬುದು ಈಚೆಗೆ ಇದೇ ಮ್ಯೂಸಿಯಂನಲ್ಲಿ ಎದ್ದುಕಂಡಿತು. 2026ರ ಜನವರಿಯಲ್ಲಿ ಮೂರು ಕಂಚಿನ ಮೂರ್ತಿಗಳನ್ನು ಭಾರತಕ್ಕೆ ಮರಳಿಸುವುದಾಗಿ ಮ್ಯೂಸಿಯಂ ಪ್ರಕಟಿಸಿತು: ಚೋಳರ ಕಾಲದ ನಟರಾಜ, ಒಂದು ಸೋಮಸ್ಕಂದ, ಸಂತ ಸುಂದರರ್ ಮತ್ತು ಪರವೈ ಜೊತೆಗಿರುವ ವಿಜಯನಗರ ಕಾಲದ ಒಂದು ಮೂರ್ತಿ. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1950ರ ದಶಕದಲ್ಲಿ ತಮಿಳುನಾಡಿನ ಗುಡಿಗಳನ್ನು ಸುತ್ತಿ ಫೋಟೋ ತೆಗೆದಿದ್ದರು. ನಟರಾಜ 1957ರಲ್ಲಿ ತಿರುತ್ತುರೈಪೂಂಡಿಯ ಗುಡಿಯಲ್ಲೇ ಇದ್ದ ಎನ್ನಲು ಅಂಥದೊಂದು ಫೋಟೋ ಸಾಕ್ಷಿ ನಿಂತಿತು. ಮೂರ್ತಿಗಳು ಕೈಯಿಂದ ಕೈಗೆ ಹೇಗೆ ಬಂದವೆಂದು ಮ್ಯೂಸಿಯಂನ ಸಂಶೋಧಕರೇ ಕಾಗದಪತ್ರ ತಡಕಿದರು. ಯಾರೋ ಒಬ್ಬರು ಬಿಸಿಲಲ್ಲಿ ಕ್ಯಾಮೆರಾ ಹೊತ್ತು ಹೋಗಿ, ಊರ ಹೆಸರು ಮತ್ತು ವರ್ಷ ಬರೆದಿಡದೆ ಇದ್ದಿದ್ದರೆ ನಟರಾಜ ಆ ಗುಡಿಯಲ್ಲಿದ್ದದ್ದನ್ನು ತೋರಿಸುವ ಬಗೆಯೇ ಇರುತ್ತಿರಲಿಲ್ಲ.

ಅಣ್ಣ, ಇಲ್ಲಿ ಬರೆಯಬೇಕಾದ ಮುಖ್ಯ ಮಾತು ಈಗ ಬಂತು. ಈ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಫ್ರೀಯರ್ ಗ್ಯಾಲರಿಗೆ ಅಡಿಪಾಯ ಬೀಳುವ ಮೊದಲೇ ಮೈಸೂರು ಸಂಸ್ಥಾನ ಇದನ್ನು ಮಾಡುತ್ತಿತ್ತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ತಂದರು. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದೂ ಅವರಿಗೇ, 1892ರಲ್ಲಿ. ಹನ್ನೊಂದನೆಯ ಸಂಪುಟ 1903ರದು, ಪೂರ್ತಿ ಚಿತ್ರದುರ್ಗ ಜಿಲ್ಲೆಯದು. ಅದರಲ್ಲಿ ಜಗಳೂರು ತಾಲ್ಲೂಕಿಗೆ ಬೇರೆ ಭಾಗವೇ ಇದೆ. ಕನ್ನಡ ಅಕ್ಷರದಲ್ಲಿ ಮೂಲ, ರೋಮನ್ ಅಕ್ಷರದಲ್ಲಿ ಅದೇ ಪಾಠ, ಇಂಗ್ಲಿಷಿನಲ್ಲಿ ಅರ್ಥ. ಹಳ್ಳಿಹಳ್ಳಿ ತಿರುಗಿ ಅಚ್ಚೊತ್ತಿಕೊಂಡು ಬಂದವರ ಬೆವರು ಆ ಪುಟಗಳಲ್ಲಿದೆ.

ಮೈಸೂರಿನ ಪುರಾತತ್ವ ಇಲಾಖೆಗೆ ರೈಸರ ನಂತರ ಬಂದ ಆರ್. ನರಸಿಂಹಾಚಾರ್ಯರು ವರದಿಗಳ ಜೊತೆಗೆ ಒಂದೊಂದು ಗುಡಿಗೆ ಒಂದೊಂದು ಪುಸ್ತಕ ಮಾಡಿಸಿದರು: 1917ರಲ್ಲಿ ಸೋಮನಾಥಪುರ, 1919ರಲ್ಲಿ ಬೇಲೂರು ಮತ್ತು ದೊಡ್ಡಗದ್ದವಳ್ಳಿ. ಎಂ.ಎಚ್. ಕೃಷ್ಣ ಅವರು 1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯನ್ನು ಅಗೆಸಿ, ಸಿಕ್ಕ ನಾಣ್ಯ, ಮಡಕೆಚೂರುಗಳ ವಿವರವನ್ನು ವರದಿಯ ಪುರವಣಿಯಾಗಿ ಹೊರತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆಸಿ, ‘ಏನ್ಷಿಯೆಂಟ್ ಇಂಡಿಯಾ’ ಪತ್ರಿಕೆಯ ನಾಲ್ಕನೇ ಸಂಚಿಕೆಯಲ್ಲಿ ವರದಿ ಅಚ್ಚು ಮಾಡಿದರು. ಆಮೇಲೆ ಎಂ.ಎಸ್. ನಾಗರಾಜರಾವ್ ಅವರು ರಾಜ್ಯದ ಪುರಾತತ್ವ ಇಲಾಖೆಯಿಂದ ಹಂಪಿಯ ಸಂಶೋಧನೆಯ ಪ್ರಗತಿ ವರದಿಗಳನ್ನು ಸಂಪಾದಿಸಿದರು. ಜಾನ್ ಫ್ರಿಟ್ಜ್, ಜಾರ್ಜ್ ಮಿಷೆಲ್‌ರಂಥ ಹೊರಗಿನವರ ಕೆಲಸವೂ ಕರ್ನಾಟಕದ ಅಚ್ಚಿನಲ್ಲೇ ಬಂತು. ಒಂದು ಸರ್ಕಾರಿ ಇಲಾಖೆ ಮನಸ್ಸು ಮಾಡಿದರೆ ಏನಾಗುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ವಾಷಿಂಗ್ಟನ್ನಿನ ಮ್ಯೂಸಿಯಂ ಶ್ರೀಮಂತವಾದದ್ದು, ಅದರ ಬಳಿ ಫ್ರೀಯರನ ದತ್ತಿ ಇದೆ, ನಿಜ. ಆದರೆ ಹೊಲದ ಬದುವಿನ ವೀರಗಲ್ಲಿನ ಫೋಟೋ ತೆಗೆದು, ಊರ ಹೆಸರು ಬರೆದಿಡಲು ದತ್ತಿ ಬೇಕಾಗಿಲ್ಲ. ರೈಸರ ಹನ್ನೊಂದನೆಯ ಸಂಪುಟ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಜಗಳೂರು ಭಾಗವನ್ನು ನೀನು ಪಾಠ ಹೇಳುವ ಶಾಲೆಯ ಒಂಬತ್ತನೇ ತರಗತಿಯವರಿಗೆ ಅಚ್ಚು ಹಾಕಿಸಿ ಕೊಡು. ಬಿಳಿಚೋಡು, ಅಸಗೋಡು, ಸೊಕ್ಕೆ ಕಡೆಯ ಮಕ್ಕಳು ತಮ್ಮ ತಮ್ಮ ಊರಿನ ಹೆಸರು ಅದರಲ್ಲಿದೆಯೇ ಎಂದು ಹುಡುಕಲಿ. ಪಟ್ಟಿಯಲ್ಲಿರುವ ಕಲ್ಲು ಇದ್ದ ಜಾಗದಲ್ಲೇ ಇದೆಯೇ, ಗುಡಿ ಜೀರ್ಣೋದ್ಧಾರದಲ್ಲಿ ಸುಣ್ಣ ಬಳಿದಿದ್ದಾರೆಯೇ, ಅಕ್ಷರ ಸವೆದಿದೆಯೇ ನೋಡಿ ಬರಲಿ. ಪ್ರತಿ ಕಲ್ಲಿಗೂ ಒಂದು ಫೋಟೋ, ಊರು, ಸರ್ವೆ ನಂಬರು, ತಾರೀಖು. ಪಟ್ಟಿಯಲ್ಲಿ ಇಲ್ಲದ್ದು ಕಂಡರೆ ಇನ್ನೂ ಒಳ್ಳೆಯದು. ಅದನ್ನು ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ಮಕ್ಕಳು ಬರೆದದ್ದನ್ನು ನೀನು ಇನ್ನೊಬ್ಬ ಮೇಷ್ಟ್ರ ಕೈಲಿ ಓದಿಸಿ ತಿದ್ದಿಸು, ಆಮೇಲೆ ಮಾತ್ರ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹಾಕು. ಅಚ್ಚಿನ ಖರ್ಚು ಇಲ್ಲಿಂದ ಬರುತ್ತದೆ, ಅದರ ಯೋಚನೆ ಬೇಡ.

ಅವ್ವನಿಗೆ, ಅತ್ತಿಗೆಗೆ ನಮಸ್ಕಾರ ತಿಳಿಸು. ಮೊದಲ ಪಟ್ಟಿ ದಸರಾ ರಜೆಯೊಳಗೆ ಬರಲಿ.

ನಿನ್ನ ತಮ್ಮ