ಮೂರು ಬೆರಳಿನ ಬ್ಯಾಂಜೋ

ಬ್ಯಾಂಜೋ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಗಣಪತಿ ಮೆರವಣಿಗೆಯಲ್ಲಿ ನುಡಿಸುವ ಗುಂಡಿಗಳ ವಾದ್ಯ. ಅಮೆರಿಕದ ಬ್ಯಾಂಜೋ ಅದಲ್ಲ. ತಮಟೆಯ ಹಾಗೆ ಚರ್ಮ ಬಿಗಿದ ದುಂಡನೆಯ ಚೌಕಟ್ಟು, ಅದಕ್ಕೊಂದು ಉದ್ದನೆಯ ಹಿಡಿ, ಮೇಲೆ ಐದು ತಂತಿ. ಅದರ ಮೂಲ ಆಫ್ರಿಕಾ. ಗುಲಾಮರನ್ನಾಗಿ ಹಿಡಿದೊಯ್ದ ಜನರ ಜೊತೆಗೆ ಕಡಲು ದಾಟಿದ ವಾದ್ಯ ಅದು.

ಅದನ್ನು ನುಡಿಸುವ ರೀತಿಯನ್ನೇ ಬದಲಿಸಿದವರು ಅರ್ಲ್ ಸ್ಕ್ರಗ್ಸ್. 1924ರಲ್ಲಿ ನಾರ್ತ್ ಕ್ಯಾರೊಲಿನಾ ರಾಜ್ಯದ ಫ್ಲಿಂಟ್ ಹಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಒಕ್ಕಲುತನದ ಮನೆ. ನಾಲ್ಕು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಹತ್ತು ವರ್ಷದ ಹುಡುಗ ಒಮ್ಮೆ ಅಣ್ಣನ ಜೊತೆ ಜಗಳವಾಡಿ ಕೋಣೆ ಸೇರಿ, ಏನೋ ಯೋಚಿಸುತ್ತ ತಂತಿ ಮೀಟುತ್ತಿದ್ದಾಗ ಮೂರು ಬೆರಳು ತಾವಾಗಿಯೇ ಓಡತೊಡಗಿದವಂತೆ: ಹೆಬ್ಬೆರಳು, ತೋರುಬೆರಳು, ನಡುಬೆರಳು. ಮುಂದೆ ಅಣ್ಣತಮ್ಮ ಇಬ್ಬರೂ ಒಂದೇ ಹಾಡು ಶುರುಮಾಡಿ, ನುಡಿಸುತ್ತಲೇ ಮನೆಯನ್ನು ಎದುರುಬದುರಾಗಿ ಸುತ್ತಿ ಬರುತ್ತಿದ್ದರು. ಮತ್ತೆ ಸೇರಿದಾಗ ತಾಳ ತಪ್ಪಿದೆಯಾ ನೋಡಿಕೊಳ್ಳುವುದು. ಗುರುವಿಲ್ಲದ ಮನೆಯಲ್ಲಿ ಅದೇ ಪಾಠ.

ಮೂರು ಬೆರಳಿನ ನುಡಿಸಾಣಿಕೆ ಆ ಸೀಮೆಯಲ್ಲಿ ಮೊದಲೇ ಇತ್ತು. ಸ್ನಫಿ ಜೆಂಕಿನ್ಸ್‌ರಂಥ ಹಿರಿಯರು ಹಾಗೆ ನುಡಿಸುತ್ತಿದ್ದರು. ಸ್ಕ್ರಗ್ಸ್ ಅದಕ್ಕೆ ಮಳೆ ಸುರಿದಂಥ ವೇಗ ಕೊಟ್ಟರು, ಆದರೂ ಒಂದೊಂದು ಹನಿಯೂ ಬೇರೆಬೇರೆಯಾಗಿ ಕೇಳುವ ಹಾಗೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ನೂಲಿನ ಮಿಲ್ಲಿನಲ್ಲಿ ಕೂಲಿ. ಗಂಟೆಗೆ 40 ಸೆಂಟ್. 1945ರ ಡಿಸೆಂಬರಿನಲ್ಲಿ ಬಿಲ್ ಮನ್ರೋ ಅವರ ತಂಡ ಸೇರಿದರು. ಅಲ್ಲಿಯವರೆಗೆ ವೇದಿಕೆಯಲ್ಲಿ ಬ್ಯಾಂಜೋ ಹೆಚ್ಚಾಗಿ ಹಾಸ್ಯಗಾರನ ಕೈಯ ಸಾಮಾನು. ಈ ಹುಡುಗ ನಗಿಸದೆ ಸುಮ್ಮನೆ ನಿಂತು ನುಡಿಸಿದ, ಜನ ಕೂಗಿ ಕುಣಿದರು. ಇವತ್ತು ಬ್ಲೂಗ್ರಾಸ್ ಎಂದು ಕರೆಯುವ ಸಂಗೀತಕ್ಕೆ ಆ ತಂಡದಲ್ಲೇ ರೂಪ ಬಂತು.

1948ರಲ್ಲಿ ಅಲ್ಲಿಂದ ಹೊರಬಂದು ಲೆಸ್ಟರ್ ಫ್ಲಾಟ್ ಜೊತೆ ಸ್ವಂತ ತಂಡ ಕಟ್ಟಿದರು. 1953ರಿಂದ ಒಂದು ಹಿಟ್ಟಿನ ಕಂಪನಿ ಅವರ ಬೆಳಗಿನ ಜಾವದ ರೇಡಿಯೋ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟಿತು. ಹೆಂಡತಿ ಲೂಯಿಸ್ ಕಾರ್ಯಕ್ರಮ ಗೊತ್ತುಮಾಡುವುದು, ಲೆಕ್ಕಪತ್ರ, ಎಲ್ಲವನ್ನೂ ಕೈಗೆತ್ತಿಕೊಂಡರು. 1949ರಲ್ಲಿ ಧ್ವನಿಮುದ್ರಿಸಿದ 'ಫಾಗಿ ಮೌಂಟನ್ ಬ್ರೇಕ್‌ಡೌನ್' 1967ರ 'ಬಾನಿ ಅಂಡ್ ಕ್ಲೈಡ್' ಸಿನಿಮಾದ ಕಾರು ಓಟಕ್ಕೆ ಸೇರಿ ಊರೂರು ಮುಟ್ಟಿತು. ಮುಂದೆ ಮಕ್ಕಳ ಜೊತೆ ಸೇರಿ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮಿನ ನಡುವೆಯೂ ನುಡಿಸಿದರು. ಸಂಪ್ರದಾಯ ಕೆಡಿಸಿದ ಎಂದು ಕೆಲವರು ಗೊಣಗಿದರು. ಅವರು ನಿಲ್ಲಿಸಲಿಲ್ಲ. 2012ರಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ಹಳ್ಳಿಗಳಿಂದ ಬಂದು ಪತ್ರಿಕೋದ್ಯಮ ಓದಿದ ನಮಗೆ ಈ ಕಥೆ ಯಾಕೆ ಮುಖ್ಯ? ನಮ್ಮ ಕಡೆ ಚೌಡಿಕೆ, ಕಿನ್ನರಿ, ತಂಬೂರಿಯವರ ಬಗ್ಗೆ ಸುದ್ದಿ ಬಂದರೆ ತಲೆಬರಹ ಒಂದೇ: 'ಅಳಿವಿನಂಚಿನಲ್ಲಿ ಕಲೆ'. ಒಂದು ಶಾಲು, ಒಂದು ಹಾರ, ಮುಗಿಯಿತು. ಬ್ಯಾಂಜೋ ಉಳಿದದ್ದು ಶಾಲಿನಿಂದಲ್ಲ. ನುಡಿಸುವವನಿಗೆ ದಿನಾ ಕೇಳುವ ಜನ ಸಿಕ್ಕರು, ಹೊಟ್ಟೆಗೆ ಸಾಲುವಷ್ಟು ಸಂಬಳ ಬಂತು, ಹೊಸದನ್ನು ಸೇರಿಸುವ ಧೈರ್ಯವೂ ಇತ್ತು. ಈ ಮೂರೂ ಕೂಡಿದ್ದರಿಂದ ಮಿಲ್ಲಿನ ಕೂಲಿಯೊಬ್ಬ ಮತ್ತೆ ಮಿಲ್ಲಿಗೆ ಹೋಗಬೇಕಾಗಲಿಲ್ಲ.

ನಿಮ್ಮೂರಿನಲ್ಲಿ ನುಡಿಸುವವರಿದ್ದರೆ ವಿಡಿಯೋ ಮಾಡಿ ಹಾಕಿ, ಒಳ್ಳೆಯದೇ. ಜೊತೆಗೆ ಈ ತಿಂಗಳು ಎಷ್ಟು ಕಾರ್ಯಕ್ರಮ ಸಿಕ್ಕಿತು, ಎಷ್ಟು ದುಡ್ಡು ಬಂತು ಅಂತಲೂ ಕೇಳಿ. ನಮಗೆ ಬರೆದು ಕಳಿಸಿ. ನಾವು ಬರೆಯಬೇಕಾದ ಸುದ್ದಿ ಅದು.