ಅಚೌರ್ಯವ್ರತ ಮತ್ತು ಗಾಲಿಯ ಬೀಗ

ಅಣ್ಣಿಗೇರಿಯ ಹಳೆಯ ಓಣಿಗಳು ಚಕ್ಕಡಿಗಳ ಕಾಲದವು. ಎದುರುಬದುರಿನ ಕಟ್ಟೆಗಳ ನಡುವೆ ಒಂದು ಚಕ್ಕಡಿ ಹಾಯ್ದುಹೋದರೆ ಮತ್ತೊಂದಕ್ಕೆ ಎಡೆಯಿರುವುದಿಲ್ಲ. ಕಾರು ಕೊಂಡವರು ಅದನ್ನು ಮನೆಯ ಮುಂದೆ ನಿಲ್ಲಿಸಲಾರದೆ ಓಣಿಯ ತುದಿಯ ಬಯಲಿನಲ್ಲಿ ಬಿಟ್ಟು ಬರುತ್ತಾರೆ. ಅಂತಹ ಓಣಿಯ ನಿವಾಸಿಯಾದ ಶ್ರಾವಕರೊಬ್ಬರು ಭಾದ್ರಪದ ಶುಕ್ಲ ಪಂಚಮಿಯ ಬೆಳಗ್ಗೆ ಪಾರ್ಶ್ವನಾಥ ಬಸದಿಗೆ ದರ್ಶನಕ್ಕೆಂದು ಹೊರಟವರು, ತಮ್ಮ ಕಾರು ಒಂದು ಮಗ್ಗುಲಿಗೆ ವಾಲಿ ನಿಂತುದನ್ನು ಕಂಡರು. ಬಯಲಿನ ಕಡೆಯ ಎರಡು ಗಾಲಿಗಳು ಇರಲಿಲ್ಲ. ಗಾಲಿಗಳಿದ್ದ ಎಡೆಯಲ್ಲಿ ಕಲ್ಲುಗಳನ್ನು ಒಟ್ಟಲಾಗಿತ್ತು. ಬಿಚ್ಚಿದ ನಟ್ಟುಗಳು ಎರೆಮಣ್ಣಿನ ಕೆಸರಿನಲ್ಲಿ ಬಿದ್ದಿದ್ದವು.

ಈ ಗೃಹಸ್ಥರು ಕಡಲೆ ಮತ್ತು ಹತ್ತಿಯ ವ್ಯಾಪಾರಿಗಳು. ಅವರ ಅಂಗಡಿಯ ತಕ್ಕಡಿಯಲ್ಲಿ ಗುಂಜಿಯಷ್ಟೂ ಹೆಚ್ಚುಕಡಿಮೆಯಾಗದು ಎಂದು ಸುತ್ತಲಿನ ಹಳ್ಳಿಗಳ ರೈತರು ಹೇಳುವುದುಂಟು. ಅಚೌರ್ಯವ್ರತವನ್ನು ತಾವು ನಿರತಿಚಾರವಾಗಿ ಪಾಲಿಸುತ್ತಿರುವೆವೆಂಬ ತೃಪ್ತಿ ಅವರಿಗಿತ್ತು. ಎರಡು ಗಾಲಿಗಳ ಕಳವು ಆ ತೃಪ್ತಿಯನ್ನು ಮೂರು ಬಾರಿ ಪರೀಕ್ಷೆಗೆ ಒಡ್ಡಿತು.

ಮೊದಲನೆಯ ಪರೀಕ್ಷೆ ಅಂದೇ ಬಂದಿತು. ನೆರೆದ ಜನರಲ್ಲಿ ಒಬ್ಬರು, "ಪಂಕ್ಚರ್ ಅಂಗಡಿ ಹುಡುಗ ಮೊನ್ನೆ ನಿಮ್ಮ ಗಾಲಿ ಸವರಿ ಸವರಿ ನೋಡತಿದ್ದನಲ್ರಿ" ಎಂದರು. ಹುಬ್ಬಳ್ಳಿ ರಸ್ತೆಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ದುಡಿಯುವ, ಇಪ್ಪತ್ತು ವಯಸ್ಸಿನೊಳಗಿನ ಬಡ ಹುಡುಗನಾತ. ಠಾಣೆಯಲ್ಲಿ ದೂರು ಕೊಡುವಾಗ ಯಾರ ಮೇಲಾದರೂ ಸಂಶಯವಿದೆಯೇ ಎಂಬ ಪ್ರಶ್ನೆ ಬಂದಾಗ, ಗೃಹಸ್ಥರ ಬಾಯಿಂದ ಆ ಹುಡುಗನ ಹೆಸರು ಹೊರಬಿದ್ದಿತು. ಹುಡುಗನನ್ನು ಕರೆಸಿ ಅರ್ಧ ದಿನ ಕೂರಿಸಿದರು. ಕಳವಾದ ರಾತ್ರಿ ಅವನು ಕುಂದಗೋಳದಲ್ಲಿ ಅಕ್ಕನ ಮನೆಯಲ್ಲಿದ್ದನೆಂಬುದು ಮರುದಿನವೇ ತಿಳಿದುಬಂದಿತು. ಆದರೆ ಅಷ್ಟರಲ್ಲಿ ಊರೆಲ್ಲ ಸುದ್ದಿಯಾಗಿತ್ತು. ಅಂಗಡಿಯ ಒಡೆಯನು ನಾಲ್ಕು ದಿನ ಕೆಲಸಕ್ಕೆ ಬರಬೇಡವೆಂದು ಹುಡುಗನಿಗೆ ಹೇಳಿ ಕಳುಹಿದ್ದನು. ದಶಲಕ್ಷಣ ಪರ್ವದ ಮೊದಲ ದಿನವಾದ ಅಂದು ಬಸದಿಯಲ್ಲಿ ಉತ್ತಮ ಕ್ಷಮಾಧರ್ಮದ ಪ್ರವಚನವಾಗಿತ್ತು.

ಎರಡನೆಯ ಪರೀಕ್ಷೆ ಹುಬ್ಬಳ್ಳಿಯಲ್ಲಿ ಕಾದಿತ್ತು. ಅದೇ ಮಾದರಿಯ ಹೊಸ ಅಲಾಯ್ ಗಾಲಿಗಳೆರಡಕ್ಕೆ ಟೈರುಗಳೂ ಸೇರಿ ಸುಮಾರು 30,000 ರೂಪಾಯಿ ಆಗುವುದೆಂದು ತಿಳಿಯಿತು. ಪರಿಚಿತರೊಬ್ಬರು ಹಳೆಯ ಬಿಡಿಭಾಗಗಳನ್ನು ಮಾರುವ ಸ್ಥಳವೊಂದಕ್ಕೆ ಅವರನ್ನು ಕರೆದೊಯ್ದರು. ಅಲ್ಲಿ ಗಾಲಿಗಳು ಸಾಲಾಗಿ ಒರಗಿದ್ದವು. ಬೆಲೆ ಮೂರರಲ್ಲಿ ಒಂದು ಪಾಲು. "ಬಿಲ್ ಕೇಳಬ್ಯಾಡ್ರಿ ಸಾವ್ಕಾರ್ರ, ಮಾಲ್ ನೋಡ್ರಿ" ಎಂದನು ಮಾರುವವನು. ಗೃಹಸ್ಥರು ಒಂದು ಗಾಲಿಯನ್ನು ತಿರುಗಿಸಿ ನೋಡಿದರು. ನಟ್ಟಿನ ಕುಳಿಗಳಲ್ಲಿ ಕರಿಯ ಎರೆಮಣ್ಣು ಇನ್ನೂ ಹಸಿಯಾಗಿಯೇ ಅಂಟಿಕೊಂಡಿತ್ತು. ಅದು ಅವರ ಗಾಲಿಯಲ್ಲ. ಆದರೆ ನವಲಗುಂದದ್ದೋ ಕಲಘಟಗಿಯದೋ ಆದ ಮತ್ತಾವುದೋ ಕಾರು ಅಂದು ಬೆಳಗ್ಗೆ ಕಲ್ಲುಗಳ ಮೇಲೆ ನಿಂತಿರಬಹುದೆಂಬ ಸಂಶಯ ಅವರಿಗೆ ಬಂದಿತು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಳ್ಳನನ್ನು ಕಳವಿಗೆ ಪ್ರೇರಿಸುವುದು ಸ್ತೇನಪ್ರಯೋಗ. ಕಳ್ಳನು ತಂದುದನ್ನು ಕೊಳ್ಳುವುದು ತದಾಹೃತಾದಾನ. ರಾಜ್ಯದ ಕಟ್ಟಳೆಗೆ ವಿರುದ್ಧವಾಗಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು, ಅಸಲಿಯ ಹೆಸರಿನಲ್ಲಿ ನಕಲಿಯನ್ನು ಮಾರುವುದು ಉಳಿದ ಮೂರು. ತಕ್ಕಡಿಯ ವಿಷಯದಲ್ಲಿ ತಪ್ಪದಿದ್ದ ಗೃಹಸ್ಥರು ಎರಡನೆಯ ಅತಿಚಾರದ ಹೊಸ್ತಿಲಲ್ಲಿ ನಿಂತಿದ್ದರು. ತಾನು ಕದಿಯಲಿಲ್ಲ, ಹಣ ಕೊಟ್ಟು ಕೊಂಡೆನೆಂಬ ಸಮಾಧಾನ ಇಲ್ಲಿ ಸಲ್ಲುವುದಿಲ್ಲ. ಕೊಳ್ಳುವವನಿರುವುದರಿಂದಲೇ ಕದಿಯುವವನಿದ್ದಾನೆ. ಗಾಲಿಯನ್ನು ಕದ್ದವನು ಅದನ್ನು ತಿನ್ನಲಾರ, ಉಡಲಾರ. ಅದು ಹಣವಾಗಬೇಕಾದರೆ ಬಿಲ್ಲು ಕೇಳದ ಸಭ್ಯ ಗೃಹಸ್ಥನೊಬ್ಬ ಬೇಕೇಬೇಕು.

ಲೌಕಿಕ ಕಾನೂನೂ ಇದನ್ನೇ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ, ಕಳವಿನ ಸ್ವತ್ತೆಂದು ತಿಳಿದಿದ್ದೂ ಅಥವಾ ಹಾಗೆ ನಂಬಲು ಕಾರಣವಿದ್ದೂ ಅದನ್ನು ಅಪ್ರಾಮಾಣಿಕವಾಗಿ ಪಡೆದವನು ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಬಹುದು. ಹಿಂದಿನ ದಂಡ ಸಂಹಿತೆಯ 411ನೆಯ ಕಲಮಿನಲ್ಲಿಯೂ ಇದೇ ವಿಧಿಯಿತ್ತು. ಹಳೆಯ ಗಾಲಿಯನ್ನು ಕೊಳ್ಳುವುದು ತಪ್ಪಲ್ಲ. ಅದು ಯಾರದಾಗಿತ್ತು, ಹೇಗೆ ಬಂದಿತು ಎಂದು ಕೇಳದೆ ಕೊಳ್ಳುವುದು ತಪ್ಪು. ಗೃಹಸ್ಥರು ಆ ಗಾಲಿಯನ್ನು ಒರಗಿಸಿಟ್ಟು, ರಸೀದಿ ಪಡೆದು ಹೊಸ ಗಾಲಿಗಳನ್ನೇ ಕೊಂಡು ಬಂದರು. ಪರಿಚಿತರು ದಾರಿಯುದ್ದಕ್ಕೂ ನಕ್ಕರು.

ಮನೆಯಲ್ಲಿ ಮಗನು ಅಷ್ಟರಲ್ಲಿ ಗಾಲಿಗೆ ಹಾಕುವ ಬೀಗದ ನಟ್ಟುಗಳನ್ನು ತರಿಸಿದ್ದನು. ಸಾಮಾನ್ಯ ನಟ್ಟು ಯಾವ ಪಾನಾಕ್ಕಾದರೂ ಬಿಚ್ಚಿಕೊಳ್ಳುತ್ತದೆ. ಬೀಗದ ನಟ್ಟಿನ ತಲೆಯ ಮೇಲೆ ವಿಶಿಷ್ಟವಾದ ಗೆರೆಗಳ ಅಚ್ಚಿರುತ್ತದೆ. ಆ ಅಚ್ಚಿಗೆ ಹೊಂದುವ ಚಿಕ್ಕ ಉಕ್ಕಿನ ಕೀಲಿಯಿಲ್ಲದೆ ಪಾನಾ ಅದನ್ನು ಹಿಡಿಯದು. ಪ್ರತಿ ಗಾಲಿಗೆ ಒಂದರಂತೆ ನಾಲ್ಕು ನಟ್ಟುಗಳು ಸಾಕು. ಒಂದು ನಟ್ಟು ಕದಲದಿದ್ದರೂ ಗಾಲಿ ಕಳಚದು.

ಅಜ್ಜಿ, ಎಂದರೆ ಗೃಹಸ್ಥರ ತಾಯಿ, ಆ ನಟ್ಟನ್ನು ಕೈಯಲ್ಲಿ ಹಿಡಿದು ನೋಡಿದರು. "ತಮ್ಮಾ, ನಿಮ್ಮಪ್ಪಾರ ಚಕ್ಕಡಿ ಗಾಲಿಗೆ ಒಂದ ಕಡಾಣಿ ಇತ್ತು. ಕೈಲೆ ಜಗ್ಗಿದ್ರ ಬರತಿತ್ತು. ಯಾರೂ ಜಗ್ಗಲಿಲ್ಲ" ಎಂದರು. ಸ್ವಲ್ಪ ತಡೆದು, "ಕಬ್ಬಿಣದ ಗಾಲಿ ಹಾಕಿಸಿದ್ರ ಯಾರ ಒಯ್ತಿದ್ರು?" ಎಂದೂ ಕೇಳಿದರು. ಕಾರು ಕೊಳ್ಳುವಾಗ ಉಕ್ಕಿನ ಗಾಲಿಗಳ ಮಾದರಿ ಕಡಿಮೆ ಬೆಲೆಗೆ ದೊರೆಯುತ್ತಿತ್ತು. ಹೊಳೆಯುವ ಗಾಲಿಗಳಿರಲೆಂದು ಮಗನೂ, ಮಗನ ಮಾತಿಗೆ ಒಪ್ಪಿ ತಂದೆಯೂ ಹೆಚ್ಚು ಹಣ ತೆತ್ತಿದ್ದರು. ನೋಡುವವರ ಕಣ್ಣಿಗೆ ಬೀಳಲೆಂದು ಕೊಂಡುದು ಕಳ್ಳನ ಕಣ್ಣಿಗೂ ಬಿದ್ದಿತು. ಪರಿಗ್ರಹವನ್ನು ಪರಿಮಿತಗೊಳಿಸಿಕೊಂಡವನಿಗೆ ಬೀಗಗಳ ಸಂಖ್ಯೆಯೂ ಪರಿಮಿತವಾಗುತ್ತದೆಂಬ ಮಾತನ್ನು ಅಜ್ಜಿ ಶಾಸ್ತ್ರದ ಶಬ್ದಗಳಿಲ್ಲದೆ ಹೇಳಿದ್ದರು.

ಪರ್ವವು ಮುಗಿದು ಕ್ಷಮಾವಾಣಿಯ ದಿನ ಬಂದಿತು. ಬಸದಿಯಲ್ಲಿ ಶ್ರಾವಕ ಶ್ರಾವಿಕೆಯರು ಕೈಜೋಡಿಸಿ ಪರಸ್ಪರ ಕ್ಷಮೆ ಬೇಡಿದರು. ದೂರದ ನೆಂಟರಿಗೆ ದೂರವಾಣಿಯಲ್ಲಿ ಅದೇ ಮಾತು ಹೋಯಿತು. ಗೃಹಸ್ಥರೂ ಎಲ್ಲರಲ್ಲಿ ಕ್ಷಮೆ ಬೇಡಿದರು. ಆದರೆ ಆ ವರ್ಷ ಅವರು ನಿಜವಾಗಿ ಅಪರಾಧವೆಸಗಿದ್ದ ವ್ಯಕ್ತಿ ಬಸದಿಯಲ್ಲಿರಲಿಲ್ಲ. ಅವನು ಜೈನನೂ ಆಗಿರಲಿಲ್ಲ. ಅವನಿಗೆ ಕ್ಷಮಾವಾಣಿ ಎಂಬ ಶಬ್ದವೇ ತಿಳಿದಿರಲಾರದು. ಇದು ಮೂರನೆಯ ಪರೀಕ್ಷೆ, ಮೂರರಲ್ಲಿ ಕಠಿಣವಾದುದು. 30,000 ರೂಪಾಯಿ ಕೊಡುವುದು ಇದಕ್ಕಿಂತ ಸುಲಭವಾಗಿತ್ತು.

ಉಪಗೂಹನ ಅಂಗಕ್ಕೆ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಉದಾಹರಿಸುವ ವಾಡಿಕೆಯುಂಟು. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನೊಬ್ಬನು ಪಾರ್ಶ್ವನಾಥ ಬಿಂಬದ ಕೊಡೆಯಲ್ಲಿದ್ದ ವೈಡೂರ್ಯವನ್ನು ಕದ್ದು ಓಡಿದಾಗ, ಕಾವಲಿನವರು ಅವನನ್ನು ಬೆನ್ನಟ್ಟುತ್ತಾರೆ. ವೇಷಧಾರಿಯ ತಪ್ಪಿನಿಂದ ಧರ್ಮಕ್ಕೆ ಅಪವಾದ ಬಾರದಿರಲೆಂದು ಶ್ರೇಷ್ಠಿಯು, ರತ್ನವನ್ನು ತಾನೇ ತರಹೇಳಿದ್ದೆನೆಂದು ಜನರೆದುರು ಹೇಳಿ, ಕಳ್ಳನನ್ನು ಏಕಾಂತದಲ್ಲಿ ಗದರಿಸಿ ಕಳುಹುತ್ತಾನೆ. ಇದ್ದ ದೋಷವನ್ನು ಆ ಶ್ರೇಷ್ಠಿ ಮುಚ್ಚಿದ. ಇಲ್ಲದ ದೋಷವನ್ನು ಈ ಗೃಹಸ್ಥರು ಹೊರಿಸಿದ್ದರು. ಇದಕ್ಕೆ ಶಾಸ್ತ್ರದಲ್ಲಿ ಅಭ್ಯಾಖ್ಯಾನವೆಂದು ಹೆಸರು. ಗಾಲಿ ಕದ್ದವನು 30,000 ರೂಪಾಯಿಯ ವಸ್ತುವನ್ನು ಒಯ್ದಿದ್ದ. ಬಡ ಹುಡುಗನ ಒಳ್ಳೆಯ ಹೆಸರನ್ನು ಒಯ್ದವರು ಯಾರು? ಅವನು ಕೊಡದೆ ಅವನಿಂದ ತೆಗೆದುಕೊಂಡುದೂ ಅದತ್ತಾದಾನವೇ ಅಲ್ಲವೇ?

ಗೃಹಸ್ಥರು ಬಸದಿಯಿಂದ ನೇರವಾಗಿ ಪಂಕ್ಚರ್ ಅಂಗಡಿಗೆ ನಡೆದರು. ಒಡೆಯನೂ ಗಿರಾಕಿಗಳೂ ಇರುವಾಗಲೇ, "ನಿನ್ನ ಹೆಸರ ಹೇಳಿದಾಂವ ನಾನಪಾ. ತಪ್ಪಾತು. ಕ್ಷಮಾ ಮಾಡು" ಎಂದು ಹುಡುಗನಿಗೆ ಕೈಮುಗಿದರು. ಸಂಶಯವನ್ನು ಜನರೆದುರು ಆಡಿದ್ದರಿಂದ ಕ್ಷಮೆಯನ್ನೂ ಜನರೆದುರೇ ಬೇಡಬೇಕೆಂದು ಅವರು ನಿಶ್ಚಯಿಸಿದ್ದರು. ಹುಡುಗನು ತಲೆ ತಗ್ಗಿಸಿ ಬಹಳ ಹೊತ್ತು ಟ್ಯೂಬನ್ನು ಉಜ್ಜುತ್ತಲೇ ಇದ್ದನು. ಕೊನೆಗೆ, "ನಮ್ಮವ್ವ ಬಾಳ ಅತ್ಲ್ರಿ" ಎಂದಷ್ಟೇ ಹೇಳಿದನು. ಗೃಹಸ್ಥರು ಅವನ ತಾಯಿಯ ಮನೆಗೂ ಹೋದರು. ಕೆಲಸ ತಪ್ಪಿದ ನಾಲ್ಕು ದಿನಗಳ ಕೂಲಿಯನ್ನು ಅಲ್ಲಿ ಕೊಟ್ಟರು.

ಬೀಗದ ನಟ್ಟುಗಳನ್ನು ಹಾಕುವ ಕೆಲಸವನ್ನು ಅವರು ಆ ಹುಡುಗನಿಗೇ ಒಪ್ಪಿಸಿದರು. ಮಗನು ತರಿಸಿದ ನಟ್ಟನ್ನು ಹುಡುಗನು ಬೆರಳಿನಿಂದ ತಿರುಗಿಸಿದ. ಎರಡು ಸುತ್ತಿಗೆ ಅದು ಬಿಗಿಯಿತು. "ಇದು ಈ ಗಾಡೀದಲ್ರಿ. ಪಾನಾ ಹಚ್ಚಿ ತಿರುವಿದ್ರ ಸ್ಟಡ್ ಹೋಗತೈತ್ರಿ" ಎಂದ. ಎರಡೂ 12 ಮಿಲಿಮೀಟರ್ ದಪ್ಪದವೇ. ಆದರೆ ಕಾರಿನ ಸ್ಟಡ್ಡಿನ ಎಳೆಗಳ ಅಂತರ 1.5 ಮಿಲಿಮೀಟರ್, ತರಿಸಿದ ನಟ್ಟಿನದು 1.25. ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಈ ಎರಡು ಅಳತೆಗಳೂ ಬಳಕೆಯಲ್ಲಿವೆ. ಕೆಲವು ಕಾರುಗಳಲ್ಲಿ ನಟ್ಟಿನ ಬದಲು ಬೋಲ್ಟೇ ಇರುತ್ತದೆ. ನಟ್ಟು ಗಾಲಿಯ ಮೇಲೆ ಕೂರುವ ಮುಖವೂ ಗಾಲಿಯ ಕುಳಿಗೆ ಹೊಂದಬೇಕು. ಕೆಲವು ಶಂಕುವಿನಾಕಾರದವು, ಕೆಲವು ಗೋಲಾಕಾರದವು, ಕೆಲವು ಚಪ್ಪಟೆ. ಮುಖ ಹೊಂದದ ನಟ್ಟು ಬಿಗಿಯಾದಂತೆ ಕಂಡರೂ ಓಡಾಟದಲ್ಲಿ ಸಡಿಲಾಗಿ ಗಾಲಿಯೇ ಕಳಚಬಹುದು. ಕಳ್ಳನಿಂದ ಗಾಲಿಯನ್ನು ಉಳಿಸಲು ಹೋಗಿ ಜೀವವನ್ನೇ ಅಪಾಯಕ್ಕೆ ಒಡ್ಡಿದಂತಾಗುತ್ತದೆ. ಅಲಾಯ್ ಗಾಲಿಗಳ ಕಾರಿಗೆ ಸ್ಟೆಪ್ನಿ ಮಾತ್ರ ಉಕ್ಕಿನದಿದ್ದರೆ, ಅದೇ ನಟ್ಟು ಅದಕ್ಕೂ ಹೊಂದುವುದೇ ಎಂಬುದನ್ನೂ ಮೊದಲೇ ನೋಡಬೇಕು.

ಸರಿಯಾದ ನಟ್ಟುಗಳು ಬಂದ ಮೇಲೆ ಹುಡುಗನು ಸ್ಟಡ್ಡುಗಳ ಎರೆಮಣ್ಣನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದ. ಯಂತ್ರದ ಗನ್ ಬಳಸದೆ ಕೈಯಿಂದಲೇ, ಒಂದಕ್ಕೊಂದು ಎದುರಾದ ನಟ್ಟುಗಳನ್ನು ಸರದಿಯಂತೆ ಬಿಗಿದ. ಗನ್ನಿನ ಹೊಡೆತಕ್ಕೆ ಬೀಗದ ಕೀಲಿಯ ಅಚ್ಚು ಮುರಿಯುತ್ತದೆ. ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ನೂರು ಕಿಲೋಮೀಟರಿನೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು. ಕೀಲಿಯು ಕಾರಿನಲ್ಲಿಯೇ, ಆದರೆ ಥಟ್ಟನೆ ಕಾಣದ ಎಡೆಯಲ್ಲಿರಬೇಕು. ನವಲಗುಂದದ ದಾರಿಯಲ್ಲಿ ರಾತ್ರಿ ಟೈರು ಒಡೆದಾಗ ಕೀಲಿ ಮನೆಯಲ್ಲಿದ್ದರೆ ಗೃಹಸ್ಥನೇ ತನ್ನ ಗಾಲಿಯ ಮುಂದೆ ಕಳ್ಳನಂತೆ ಕುಳಿತಿರಬೇಕಾಗುತ್ತದೆ. ಕೀಲಿಯ ಜೊತೆಗೆ ಬರುವ ಸಂಖ್ಯೆಯ ಚೀಟಿ ಮಾತ್ರ ಮನೆಯಲ್ಲಿರಲಿ. ಕೀಲಿ ಕಳೆದರೆ ಆ ಸಂಖ್ಯೆಯಿಂದಲೇ ಮತ್ತೊಂದನ್ನು ತರಿಸಬೇಕು.

"ಇದನ್ನೂ ತೆಗೀತಾರ್ರಿ" ಎಂದು ಹುಡುಗನು ಮರೆಮಾಚದೆ ಹೇಳಿದ. ಬೀಗದ ನಟ್ಟಿನ ಮೇಲೆ ಬಿಗಿಯಾದ ಸಾಕೆಟ್ಟನ್ನು ಹೊಡೆದು ಕೂರಿಸಿ ಬಿಚ್ಚಬಲ್ಲವರುಂಟು. ಹೊರಗಿನ ಉಂಗುರವು ಸುಮ್ಮನೆ ಸುತ್ತುವಂತೆ ಮಾಡಿದ ನಟ್ಟುಗಳಲ್ಲಿ ಅದು ಇನ್ನಷ್ಟು ಕಷ್ಟ. ಬೀಗವು ಕಳ್ಳನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ತಡಮಾಡಿಸುತ್ತದೆ. ಆ ತಡವೂ ವ್ಯರ್ಥವಲ್ಲ. ಕ್ಷಣದ ಲೋಭಕ್ಕೆ ಒಳಗಾದವನಿಗೆ ಹಿಂದಿರುಗಲು ಅದು ಎಡೆ ಕೊಡುತ್ತದೆ.

ಬೀಗ ಹಾಕುವುದೆಂದರೆ ಲೋಕವನ್ನೆಲ್ಲ ಅವಿಶ್ವಾಸದಿಂದ ಕಂಡಂತಲ್ಲವೇ ಎಂದು ಕೆಲವರು ಕೇಳುವುದುಂಟು. ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ಇದರ ಉತ್ತರ ತಿಳಿದೇ ಇದೆ. ಹುಂಡಿಗೆ ಎರಡು ಬೀಗ ಹಾಕಿ, ಕೀಲಿಗಳನ್ನು ಇಬ್ಬರ ಬಳಿ ಇಡುವುದು ಅವರಿಬ್ಬರನ್ನೂ ಕಳ್ಳರೆಂದು ಬಗೆದಲ್ಲ. ಹಣ ಕಡಿಮೆಯಾದಾಗ ಯಾರ ಮೇಲೂ ವೃಥಾ ಅಪವಾದ ಬಾರದಿರಲೆಂದು. ಬೀಗವಿಲ್ಲದ ಎಡೆಯಲ್ಲಿ ಕಳವಾದರೆ ಮೊದಲ ಸಂಶಯ ಬಡವನ ಮೇಲೆಯೇ ಹೋಗುತ್ತದೆ. ಪರ್ವಕಾಲಗಳಲ್ಲಿ ಯಾತ್ರಿಕರ ವಾಹನಗಳು ನಿಲ್ಲುವ ಬಯಲಿಗೆ ಒಂದು ದೀಪ, ಒಬ್ಬ ಕಾವಲುಗಾರನನ್ನು ಒದಗಿಸುವ ಮಂಡಳಿಯು ವಾಹನಗಳನ್ನು ಮಾತ್ರವಲ್ಲ, ಸುತ್ತಲಿನ ಬಡವರ ಮಾನವನ್ನೂ ಕಾಯುತ್ತದೆ.

ಗೃಹಸ್ಥರ ಕಾರು ಈಗಲೂ ಓಣಿಯ ತುದಿಯ ಬಯಲಿನಲ್ಲಿಯೇ ನಿಲ್ಲುತ್ತದೆ. ಕಳವಾದ ಗಾಲಿಗಳು ದೊರೆಯಲಿಲ್ಲ. ನಾಲ್ಕು ನಟ್ಟುಗಳು ಪರರ ಕೈಯಿಂದ ಅವರ ಗಾಲಿಗಳನ್ನು ಕಾಯುತ್ತವೆ. ಪರರ ಗಾಲಿಗಳನ್ನೂ ಪರರ ಹೆಸರನ್ನೂ ತಮ್ಮ ಕೈಯಿಂದ, ತಮ್ಮ ನಾಲಗೆಯಿಂದ ಕಾಯಬೇಕಾದ ಬೀಗವು ಅಂಗಡಿಯಲ್ಲಿ ದೊರೆಯುವಂತಹುದಲ್ಲ. ಅದಕ್ಕೆ ಅಣುವ್ರತವೆಂದು ಹೆಸರು. ಆ ಬೀಗದ ಎಳೆಗಳಲ್ಲಿ ಯಾವ ಮಣ್ಣು ಸೇರಿದೆಯೆಂದು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡುವುದು ಶ್ರಾವಕರೆಲ್ಲರ ಕರ್ತವ್ಯ.