ಒಂದು ಕೆಲಸಕ್ಕೆ ಒಂದು ಶಬ್ದ

ನಾಯಿಮರಿಗೆ ಮನೆಯ ಶಿಸ್ತು ಕಲಿಸುವುದು ಒಂದು ಬಗೆಯ ಭಾಷಾಬೋಧನೆಯೇ ಸರಿ. ವ್ಯಾಕರಣ ಬೋಧಿಸುತ್ತ ಬಂದ ನನಗೆ ಇದು ಮನವರಿಕೆಯಾದದ್ದು, ಎರಡು ತಿಂಗಳ ಮರಿಯೊಂದು ನಮ್ಮ ಅಕ್ಕಲಕೋಟೆಯ ಮನೆ ಸೇರಿದ ಮೇಲೆ.

ಕ್ರಮವೇನೋ ಸರಳ. ಆ ವಯಸ್ಸಿನ ಮರಿ ಎರಡು-ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು. ನಿದ್ದೆಯಿಂದ ಎದ್ದೊಡನೆ, ಉಂಡ ಸ್ವಲ್ಪ ಹೊತ್ತಿಗೆ, ಆಡಿ ದಣಿದಾಗ ಅದೇ ಬಾಗಿಲಿನಿಂದ ಅದೇ ಜಾಗಕ್ಕೆ ಕರೆದೊಯ್ಯಬೇಕು; ಕೆಲಸ ಮುಗಿಸಿದ ಕ್ಷಣವೇ ಮೈದಡವಿ ಮೆಚ್ಚಬೇಕು. ಒಳಗೆ ಹೊಲಸು ಮಾಡಿತೆಂದು ಮೂಗನ್ನು ನೆಲಕ್ಕೆ ತಿಕ್ಕುವ ರೂಢಿ ವ್ಯರ್ಥ. ತಡವಾಗಿ ಬಂದ ಶಿಕ್ಷೆಗೂ ಹಿಂದಿನ ಕೃತ್ಯಕ್ಕೂ ಅದು ನಂಟು ಕಲ್ಪಿಸಲಾರದು. ಕಲಿಯುವುದು ಭಯವನ್ನು ಮಾತ್ರ. ನೆಲದ ವಾಸನೆ ಹೋಗುವಂತೆ ತೊಳೆಯದಿದ್ದರೆ ಮತ್ತೆ ಅಲ್ಲಿಗೇ ಮರಳುತ್ತದೆ.

ತೊಡಕಿದ್ದದ್ದು ಮಾತಿನಲ್ಲಿ. ಮರಿಗೆ ಒಂದು ಕೆಲಸಕ್ಕೆ ಒಂದೇ ಶಬ್ದ ಬೇಕು. ನಮ್ಮಲ್ಲೋ ತಾಯಿ "ಹೊರಗ ನಡಿ" ಎನ್ನುವರು, ಪತ್ನಿ "ಬಾಹೇರ ಚಲ" ಎನ್ನುವಳು, ಮಗಳು "ಔಟ್" ಎನ್ನುವಳು. ಮರಿ ಮೂವರ ಮುಖವನ್ನೂ ನೋಡಿ ಕುಳಿತಲ್ಲೇ ಕುಳಿತಿರುತ್ತಿತ್ತು.

ಯಾವ ಶಬ್ದ ಉಳಿಯಬೇಕು? ಎರಡೂ ಭಾಷೆಗಳಲ್ಲಿ ಅಕ್ಷರ ತಿದ್ದಿದ ನನಗೆ ಯಾವುದನ್ನೂ ಬಿಡೆನ್ನಲು ಬಾಯಿ ಬರಲಿಲ್ಲ. ಖಂಡೋಬನ ನಾಯಿಯೆನಿಸಿಕೊಂಡ ಭಕ್ತನನ್ನು ಮರಾಠಿಯಲ್ಲಿ ವಾಘ್ಯಾ ಎಂದೂ ಮೈಲಾರನ ನಾಯಿಯೆನಿಸಿಕೊಂಡವನನ್ನು ಕನ್ನಡದಲ್ಲಿ ವಗ್ಗಯ್ಯ ಎಂದೂ ಕರೆಯುವ ಸೀಮೆ ನಮ್ಮದು. ದೈವಕ್ಕೆ ಎರಡು ಕೂಗೂ ಕೇಳಿಸುತ್ತವೆ. ಮರಿಗೆ ಆ ಸಾಮರ್ಥ್ಯವಿಲ್ಲ. ಇತ್ತ ತಾಯಿಗೆ ಮರಾಠಿ ಅರ್ಥವಾದರೂ ನಾಲಗೆಗೆ ಒಗ್ಗದು. ಅವರ ಕನ್ನಡದ ಮಾತಿಗೆ ಮನೆಯಲ್ಲಿ ಉತ್ತರಗಳು ಮರಾಠಿಯಲ್ಲೇ ಬರತೊಡಗಿ ವರ್ಷಗಳಾಗಿದ್ದವು. ಅವರ ಮಾತೂ ಕಡಿಮೆಯಾಗುತ್ತಿತ್ತು.

ತೀರ್ಪು ಕೊಟ್ಟವಳು ಪತ್ನಿ. ದಿನವಿಡೀ ಮರಿಯೊಡನೆ ಇರುವವರು ಅತ್ತೆ, ಅವರ ಶಬ್ದವೇ ಇರಲಿ ಎಂದಳು, ಮರಾಠಿಯಲ್ಲೇ. ಅಂದಿನಿಂದ ಎಲ್ಲರೂ "ಹೊರಗ ನಡಿ" ಎಂದೆವು. ಮಗಳು "ಹೊರಗೆ" ಎಂದಾಗ ಅಜ್ಜಿ ತಿದ್ದಿದರು: "ಪುಸ್ತಕದಾಗಿಂದ ಬ್ಯಾಡವ್ವಾ, 'ಹೊರಗ' ಅನ್ನು."

ಎರಡು ತಿಂಗಳಲ್ಲಿ ಮರಿ ತಾನಾಗಿ ಬಾಗಿಲು ಕೆರೆಯತೊಡಗಿತು. ಮಗಳು ಕಾಲೇಜಿನಿಂದ ಬಂದೊಡನೆ ಅಜ್ಜಿಯನ್ನು ಕೇಳುವ ಮೊದಲ ಪ್ರಶ್ನೆ ಮರಿಯದು, ಕನ್ನಡದ್ದು. ಅಜ್ಜಿಯ ಉತ್ತರ ಈಗ ಒಂದು ಮಾತಿಗೆ ನಿಲ್ಲುವುದಿಲ್ಲ.

ವಿಧ್ಯರ್ಥ ರೂಪಕ್ಕೆ ನೀವು ಪರೀಕ್ಷೆಯಲ್ಲಿ ಪಠ್ಯದ ಉದಾಹರಣೆಗಳನ್ನೇ ಬರೆಯಿರಿ, ಅಂಕಗಳು ದೊರೆಯುತ್ತವೆ. ಆದರೆ ಗಡಿಯ ಮನೆಗಳಲ್ಲಿ ಭಾಷೆಗೆ ಅಭಿಮಾನದಷ್ಟೇ ಒಂದು ನಿತ್ಯದ ಕೆಲಸವೂ ಬೇಕು. ನಿಮ್ಮ ಮನೆಯಲ್ಲಿ ಕನ್ನಡಕ್ಕೆ ಯಾವ ಕೆಲಸವಿದೆ, ಒಮ್ಮೆ ನೋಡಿಕೊಳ್ಳಿ.